ಓಡುವ ಬಿಳಿ ಹುಳಕ್ಕೆ ಔಷಧಿ ಹೊಡೆದ ಕಥೆ

ಕೃಷಿ ಬಿಎಸ್ಸಿ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ವಿಜಯಪುರದ ತಿಕೋಟಾ ಕಡೆ, ಒಂದು ದ್ರಾಕ್ಷಿ ಪಡ, ಅಂದರೆ ತೋಟ, ನೋಡಿಕೊಳ್ಳುವುದು. ನಾನು ಮಂಡ್ಯದವನು. ಕಬ್ಬು, ಭತ್ತ ಗೊತ್ತು. ದ್ರಾಕ್ಷಿ ಬರೀ ಓದಿದ್ದು.

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆಗಿತ್ತು. ಜನವರಿಯಲ್ಲಿ ಕಾಯಿ ಮೆತ್ತಗಾಗುವ ಹೊತ್ತಿಗೆ ಗೊನೆಗಳ ಒಳಗೆ ಬಿಳಿ ಹತ್ತಿಯಂಥದ್ದು ಕಂಡಿತು. ಹಿಟ್ಟು ತಿಗಣೆ, ಇಲ್ಲಿನವರ ಬಾಯಲ್ಲಿ ಮಿಲಿಬಗ್. ರಸ ಹೀರುತ್ತದೆ, ಅದು ಸರಿ, ಆದರೆ ಅದಕ್ಕಿಂತ ಜಾಸ್ತಿ ಕಾಟ ಅದು ಬಿಡುವ ಸಿಹಿ ಅಂಟಿನದು, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಇಡೀ ಗೊನೆ ಮಸಿ ಬಳಿದ ಹಾಗಾಗುತ್ತದೆ.

ಮಿಲಿಬಗ್ ತಿನ್ನಲೆಂದೇ ಮಾಲೀಕರು ಸ್ವಲ್ಪ ದಿನ ಮೊದಲು ಕ್ರಿಪ್ಟೋಲೇಮಸ್ ದುಂಬಿ ತರಿಸಿ ಬಿಡಿಸಿದ್ದರು. ಗುಲಗಂಜಿ ಹುಳದ ಜಾತಿ, ಮೂಲ ಆಸ್ಟ್ರೇಲಿಯಾ, 1898ರಲ್ಲಿ ಕಾಫಿ ತೋಟದ ಹುಳಕ್ಕೆಂದು ಭಾರತಕ್ಕೆ ತಂದದ್ದು. ಇದೆಲ್ಲ ಪರೀಕ್ಷೆಗೆ ಉರು ಹೊಡೆದಿದ್ದೆ. ಅದರ ಮರಿ ಹೇಗಿರುತ್ತದೆ ಅಂತ ಮಾತ್ರ ಕಣ್ಣಾರೆ ನೋಡಿರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಕೆಲವು ಗೊನೆಗಳ ಮೇಲೆ ಮಿಲಿಬಗ್‌ಗಿಂತ ದೊಡ್ಡ ಬಿಳಿ ಹುಳಗಳು, ಮೈತುಂಬ ಮೇಣದ ಜಡೆ. ಗಾಬರಿಯಾಗಿ ಪೈರಿಥ್ರಾಯ್ಡ್ ಔಷಧಿ ಕಲಸಲು ಹೇಳಿದೆ. ಪಂಪ್ ಹಿಡಿದ ಕಾಕಾ ಅಲ್ಲೇ ನಿಂತು, "ಸರ, ಇದು ಓಡಾಕತ್ತೈತಿ ನೋಡ್ರಿ, ಮಿಲಿಬಗ್ ಹಿಂಗ ಓಡೂದಿಲ್ರಿ" ಅಂದರು. "ಹೊಡೀರಿ ಕಾಕಾ, ನನಗೆ ಗೊತ್ತು" ಅಂದೆ. ಓಡುತ್ತಿದ್ದದ್ದು ದುಂಬಿಯ ಮರಿ. ಮಿಲಿಬಗ್ ತಿನ್ನಲು ಬಂದದ್ದು ಮಿಲಿಬಗ್ ಥರವೇ ಕಾಣುತ್ತದೆ, ಏನು ಮಾಡುವುದು!

ಮರಿಗಳೆಲ್ಲ ಸತ್ತವು. ಮಿಲಿಬಗ್ ಸಾಯಲಿಲ್ಲ. ಅದರ ಮೊಟ್ಟೆ ನೂರುಗಟ್ಟಲೆ, ಹತ್ತಿಯಂಥ ಚೀಲದೊಳಗೆ ಬೆಚ್ಚಗೆ ಇರುತ್ತವೆ, ಉಳಿದವು ತೊಗಟೆ ಸಂದಿಯಲ್ಲಿ, ಔಷಧಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಎರಡು ಮೂರು ವಾರದಲ್ಲಿ ಮೊದಲಿಗಿಂತ ಜೋರಾಯಿತು. ಕೊಯ್ಲು ಹತ್ತಿರ ಬಂದಿತ್ತು, ಹಣ್ಣಿನಲ್ಲಿ ಔಷಧಿ ಉಳಿಯುತ್ತದೆ ಅಂತ ಮತ್ತೆ ಹೊಡೆಯುವ ಹಾಗೂ ಇಲ್ಲ. ಹಣ್ಣು ಕೊಳ್ಳಲು ಬಂದವರು ನಾಲ್ಕು ಸಾಲು ನೋಡಿ ವಾಪಸ್ ಹೋದರು. ಮಣೂಕ, ಅಂದರೆ ಒಣದ್ರಾಕ್ಷಿ, ಮಾಡೋಣ ಅಂದರೂ ಮಸಿ ಹತ್ತಿದ ಗೊನೆ ಆರಿಸಿ ಬಿಸಾಡಬೇಕಾಯಿತು. ಮಾಲೀಕರು ಬೈಯಲಿಲ್ಲ, ಸುಮ್ನೆ ಲೆಕ್ಕದ ಪುಸ್ತಕ ನನ್ನ ಮುಂದಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಏಪ್ರಿಲ್ ಚಾಟ್ನಿ ಆದ ಮೇಲೆ ಕಾಕಾ ಒಂದು ಕಾಂಡದ ಸಡಿಲ ತೊಗಟೆ ಉಗುರಿನಲ್ಲಿ ಎಬ್ಬಿಸಿ ತೋರಿಸಿದರು. ಒಳಗೆ ಬಿಳಿ ಬಿಳಿ, ಒಂದನ್ನು ಒತ್ತಿದರೆ ಬೆರಳಿಗೆ ಗುಲಾಬಿ ರಸ. ಮುಂದಿನ ಜನವರಿಯ ಮಿಲಿಬಗ್ ಆಗಲೇ ಅಲ್ಲಿ ಕೂತಿತ್ತು! ತೊಗಟೆ ಕೆರೆಸಿ, ಬುಡದಲ್ಲಿ ಬಿಡದೆ ಹೊರಗೆ ಒಯ್ದು ಸುಡಿಸಿದೆವು.

ಈಗ ನಾನು ಗೊನೆಗಿಂತ ಮೊದಲು ಬುಡದ ಇರುವೆ ಸಾಲು ನೋಡುತ್ತೇನೆ. ಅಂಟಿನ ಆಸೆಗೆ ಇರುವೆಗಳೇ ಮಿಲಿಬಗ್ ಕಾಯುತ್ತವೆ, ದುಂಬಿ ಬಂದರೆ ಓಡಿಸುತ್ತವೆ. ಮೊನ್ನೆ ಏಳನೇ ಸಾಲಿನ ಮೂರು ಗಿಡದಲ್ಲಿ ಇರುವೆ ಏರುತ್ತಿದ್ದವು. ನಾಳೆ ಕಾಕಾ ಜೊತೆ ಅವುಗಳ ತೊಗಟೆ ಬಿಚ್ಚಬೇಕು.