ಹೋಂಸ್ಟೇಗೆ ಕಾರ್ ಚಾರ್ಜರ್: ಪೆಟ್ಟಿಗೆಗಿಂತ ಮೊದಲು ವೈರು, ಅರ್ಥ್, ಬ್ರೇಕರ್

ಐದಾರು ಕೋಣೆಗಳ ಹೋಂಸ್ಟೇಗೋ ಸಣ್ಣ ಲಾಡ್ಜಿಗೋ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಹಾಕಿಸಲು ಹೊರಟವರು ಮೊದಲು ಕೇಳುವುದು ಎಷ್ಟು ಕಿಲೋವ್ಯಾಟಿನದು ತರಬೇಕು ಎಂದು. ಇಡೀ ಕೆಲಸದಲ್ಲಿ ಅತ್ಯಂತ ಸುಲಭದ ಪ್ರಶ್ನೆ ಅದು. ರಾತ್ರಿ ಎಂಟಕ್ಕೆ ಬಂದು ಬೆಳಿಗ್ಗೆ ಏಳಕ್ಕೆ ಹೊರಡುವ ಕಾರು ಹನ್ನೊಂದು ಗಂಟೆ ನಿಂತಲ್ಲೇ ಇರುತ್ತದೆ. 230 ವೋಲ್ಟಿನ ಸಿಂಗಲ್ ಫೇಸ್‌ನಲ್ಲಿ 16 ಆಂಪ್ ಎಂದರೆ 3.7 ಕಿಲೋವ್ಯಾಟ್, ಹನ್ನೊಂದು ಗಂಟೆಗೆ ಸುಮಾರು 40 ಯೂನಿಟ್. ಶೇ. 10ರಿಂದ 15 ದಾರಿಯಲ್ಲಿ ಬಿಸಿಯಾಗಿ ಹೋದರೂ ಬ್ಯಾಟರಿಗೆ 35 ಯೂನಿಟ್ ಸೇರುತ್ತದೆ. ನೂರು ಕಿಲೋಮೀಟರಿಗೆ 15 ಯೂನಿಟ್ ಕುಡಿಯುವ ಕಾರಿಗೆ ಅದು 230 ಕಿಲೋಮೀಟರ್ ಓಟ. 32 ಆಂಪಿನ 7.4 ಕಿಲೋವ್ಯಾಟ್ ಚಾರ್ಜರ್ ಇದರ ಎರಡರಷ್ಟು ಕೊಡುತ್ತದೆ. ರಾತ್ರಿ ತಂಗುವ ಜಾಗಕ್ಕೆ ಇಷ್ಟು ಸಾಕೇ ಸಾಕು. ಬ್ಯಾಟರಿಗೆ ನೇರವಾಗಿ ಡಿಸಿ ವಿದ್ಯುತ್ ತುಂಬುವ ಫಾಸ್ಟ್ ಚಾರ್ಜರ್ ಅರ್ಧ ಗಂಟೆ ನಿಂತು ಹೋಗುವವರ ವ್ಯವಹಾರ. ಮಲಗಲು ಬಂದವರಿಗೆ ಅದರ ಅಗತ್ಯವಿಲ್ಲ.

22 ಕಿಲೋವ್ಯಾಟಿನ ಥ್ರೀ ಫೇಸ್ ಪೆಟ್ಟಿಗೆ ತೋರಿಸಿ ಆಸೆ ಹುಟ್ಟಿಸುವವರಿರುತ್ತಾರೆ. ಎಸಿ (ಮನೆಗೆ ಬರುವ ಮಾಮೂಲಿ ವಿದ್ಯುತ್) ಚಾರ್ಜಿಂಗ್‌ನಲ್ಲಿ ಗೋಡೆಯ ಮೇಲಿನ ಪೆಟ್ಟಿಗೆ ನಿಜವಾಗಿ ಚಾರ್ಜರೇ ಅಲ್ಲ. ಅದು ಕಾರಿನೊಡನೆ ಮಾತಾಡಿ, ಇಷ್ಟು ಆಂಪ್ ತನಕ ಎಳೆಯಬಹುದು ಎಂದು ತಿಳಿಸಿ, ಸ್ವಿಚ್ ಒತ್ತುವ ಯಂತ್ರ. ಎಸಿಯನ್ನು ಡಿಸಿ ಮಾಡುವ ಚಾರ್ಜರ್ ಇರುವುದು ಕಾರಿನೊಳಗೆ. ಕಾರಿನದು 3.3 ಕಿಲೋವ್ಯಾಟಿನದಾದರೆ 22ರ ಪೆಟ್ಟಿಗೆಗೆ ಚುಚ್ಚಿದರೂ ಬರುವುದು 3.3 ಮಾತ್ರ. ಅದೇ ದುಡ್ಡಿಗೆ ಎರಡು ಸಣ್ಣ ಪಾಯಿಂಟ್ ಹಾಕಿಸಿದರೆ ಇಬ್ಬರು ಅತಿಥಿಗಳ ಜಗಳ ತಪ್ಪುತ್ತದೆ.

ಇನ್ನು ಲೋಡಿನ ಲೆಕ್ಕ. ಗೀಸರ್ ನೀರು ಕಾದ ಮೇಲೆ ನಿಲ್ಲುತ್ತದೆ, ಏರ್ ಕಂಡಿಷನರ್ ಆಗಾಗ ನಿಲ್ಲುತ್ತದೆ. ಕಾರು ಹಾಗಲ್ಲ, 32 ಆಂಪನ್ನು ಏಳೆಂಟು ಗಂಟೆ ಎಡೆಬಿಡದೆ ಎಳೆಯುತ್ತದೆ. ಹಾಗಾಗಿ ಉಳಿದ ಉಪಕರಣಗಳಿಗೆ ಹಾಕುವ 'ಎಲ್ಲವೂ ಒಟ್ಟಿಗೆ ಓಡುವುದಿಲ್ಲ' ಎಂಬ ರಿಯಾಯಿತಿ ಇಲ್ಲಿ ಸಲ್ಲದು. ಐದು ಕೋಣೆಗಳಲ್ಲಿ ತಲಾ 2 ಕಿಲೋವ್ಯಾಟ್ ಗೀಸರ್ ಇದ್ದರೆ ಬೆಳಿಗ್ಗೆ ಆರೂವರೆಗೆ 10 ಕಿಲೋವ್ಯಾಟ್ ಒಟ್ಟಿಗೆ ಏರುತ್ತದೆ. ಎರಡು ಕಾರುಗಳು ಇನ್ನೂ 14.7 ಎಳೆಯುತ್ತಿದ್ದರೆ ಮೇನ್ ಟ್ರಿಪ್ ಆಗುವುದು ಅತಿಥಿ ಸೋಪು ಹಚ್ಚಿಕೊಂಡ ಹೊತ್ತಿಗೇ. ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳುವುದು ಒಂದು ದಾರಿ. ಮೇನ್ ವೈರಿಗೆ ಸಿಟಿ ಕಾಯಿಲ್ (ಹರಿಯುವ ಆಂಪ್ ಅಳೆಯುವ ಬಳೆ) ತೊಡಿಸಿ, ಮನೆ ಎಷ್ಟು ಎಳೆಯುತ್ತಿದೆ ಎಂದು ನೋಡಿ ಕಾರಿನ ಪಾಲನ್ನು ತಾನೇ ತಗ್ಗಿಸುವ ಚಾರ್ಜರ್ ಕೊಳ್ಳುವುದು ಇನ್ನೊಂದು, ಸಾಮಾನ್ಯವಾಗಿ ಅಗ್ಗದ ದಾರಿ. ಇಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ. ಕಾಯಿಲ್ ಮೇಲಿನ ಬಾಣದ ಗುರುತು ತಿರುಗುಮುರುಗಾಗುವುದು. ಚಾರ್ಜರ್ ಒಂದು ಫೇಸ್‌ನಿಂದ ಎಳೆಯುತ್ತಿದ್ದರೆ ಕಾಯಿಲ್ ಇನ್ನೊಂದು ಫೇಸನ್ನು ಕಾಯುತ್ತಿರುವುದು. ಗೀಸರ್ ಹಾಕಿ, ಆ್ಯಪ್‌ನಲ್ಲಿ ಅಂಕಿ ಏರಿತೇ, ಕಾರಿನ ಆಂಪ್ ಇಳಿಯಿತೇ ಎಂದು ಕಣ್ಣಾರೆ ನೋಡಿ. ಥ್ರೀ ಫೇಸ್ ಸಂಪರ್ಕವಿದ್ದರೆ ಎರಡು ಸಿಂಗಲ್ ಫೇಸ್ ಚಾರ್ಜರ್‌ಗಳನ್ನು ಬೇರೆಬೇರೆ ಫೇಸಿಗೆ ಹಾಕಿಸಿ.

ಕಾರುಗಳ ಎಸಿ ಚಾರ್ಜಿಂಗ್ ಪ್ಲಗ್ಗಾದ ಟೈಪ್ 2 ವ್ಯವಸ್ಥೆಯಲ್ಲಿ ಕನಿಷ್ಠ ಮಿತಿ 6 ಆಂಪ್. ಅದಕ್ಕಿಂತ ಕೆಳಗೆ ಹೋಗಬೇಕಾದರೆ ಚಾರ್ಜಿಂಗ್ ನಿಲ್ಲಿಸುವುದೊಂದೇ ದಾರಿ. ನಿಂತದ್ದು ಬಹಳ ಹೊತ್ತಾದರೆ ಕೆಲವು ಕಾರು 'ನಿದ್ದೆ'ಗೆ ಜಾರಿ ಮತ್ತೆ ಏಳುವುದೇ ಇಲ್ಲ. ಅದಕ್ಕೇ ಪೂರ್ತಿ ನಿಲ್ಲಿಸುವ ಬದಲು 6 ಆಂಪಿಗೆ ಇಳಿಸಿ ಬಿಡುವಂತೆ ಸೆಟ್ ಮಾಡಬೇಕು.

ವೈರಿನ ದಪ್ಪಕ್ಕೆ ಬರೋಣ. ಚಾರ್ಜರ್ ಜೊತೆಗೆ '32 ಆಂಪ್, 6 ಸ್ಕ್ವೇರ್ ಎಂಎಂ' ಎಂಬ ಸಲಹೆ ಬರುತ್ತದೆ. ಬೋರ್ಡಿನ ಪಕ್ಕದ ಗೋಡೆಗೆ ಅದು ಸರಿ. ಪಾರ್ಕಿಂಗ್ ಅಂಗಳದ ತುದಿಯಲ್ಲಿದ್ದರೆ? 6 ಸ್ಕ್ವೇರ್ ತಾಮ್ರದ ವೈರು ಹೋಗಿಬರುವ ದಾರಿ ಸೇರಿ ಪ್ರತಿ ಮೀಟರಿಗೆ, ಪ್ರತಿ ಆಂಪಿಗೆ 7.3 ಮಿಲಿವೋಲ್ಟ್ ತಿನ್ನುತ್ತದೆ. 40 ಮೀಟರ್ ದೂರಕ್ಕೆ 32 ಆಂಪ್ ಎಂದರೆ 9.3 ವೋಲ್ಟ್, ಅಂದರೆ ಶೇ. 4. ಸಂಜೆ ಮೊದಲೇ ವೋಲ್ಟೇಜ್ ಕುಸಿದಿರುವ ಕಡೆ ಇದೂ ಸೇರಿದರೆ ಕಾರು ತಾನೇ ಆಂಪ್ ತಗ್ಗಿಸುತ್ತದೆ, ಇಲ್ಲವೇ ಕೈಬಿಡುತ್ತದೆ. 10 ಸ್ಕ್ವೇರ್ ಹಾಕಿದರೆ ನಷ್ಟ 5.6 ವೋಲ್ಟಿಗೆ ಇಳಿಯುತ್ತದೆ. ಬ್ರೇಕರ್ ದೃಷ್ಟಿಯಿಂದಲೂ 10 ಸ್ಕ್ವೇರ್ ಒಳ್ಳೆಯದು. ಮನೆಬಳಕೆಯ ಎಂಸಿಬಿಯ (ಆಂಪ್ ಮಿತಿ ಮೀರಿದರೆ ಬೀಳುವ ಬ್ರೇಕರ್) ಅಂಕಿ 30 ಡಿಗ್ರಿ ಉಷ್ಣತೆಗೆ ನಿಗದಿಯಾದದ್ದು. ಬಿಸಿಲು ಬಡಿಯುವ ಮುಚ್ಚಿದ ಡಬ್ಬಿಯಲ್ಲಿ 32 ಆಂಪಿನ ಎಂಸಿಬಿ 32 ಆಂಪನ್ನೇ ಹೊತ್ತು ಕೂತರೆ ಒಂದೆರಡು ಗಂಟೆಯಲ್ಲಿ ಬಿಸಿಯಾಗಿ ಬೀಳುತ್ತದೆ, ಯಾವ ದೋಷವೂ ಇಲ್ಲದೆ. 40 ಆಂಪಿನ 'ಸಿ' ಕರ್ವ್ ಎಂಸಿಬಿ, ಅದಕ್ಕೆ ತಕ್ಕ 10 ಸ್ಕ್ವೇರ್ ವೈರು ಎಂದರೆ ನೆಮ್ಮದಿ. 6 ಸ್ಕ್ವೇರ್ ವೈರನ್ನು ಹಾಗೇ ಬಿಟ್ಟು ಎಂಸಿಬಿ ಮಾತ್ರ ದೊಡ್ಡದು ಮಾಡಬೇಡಿ. ಪೈಪಿನೊಳಗೆ, ಮಣ್ಣಿನೊಳಗೆ ಅದರ ತಾಳಿಕೆ 40ರ ಆಸುಪಾಸಿನಲ್ಲೇ ಮುಗಿಯುತ್ತದೆ.

ವಿದ್ಯುತ್ ಸೋರಿದರೆ ಲೈನ್ ಕಡಿದು ಶಾಕ್‌ನಿಂದ ಕಾಯುವ ಆರ್‌ಸಿಸಿಬಿಯಲ್ಲಿ ಉಳಿತಾಯ ಮಾಡುವವರು ಹೆಚ್ಚು. ಅಗ್ಗದ 'ಎಸಿ' ಟೈಪ್ ಇಲ್ಲಿ ಕೆಲಸಕ್ಕೆ ಬಾರದು. ಕಾರಿನ ಒಳಗಿನ ದೋಷದಿಂದ ನಯವಾದ ಡಿಸಿ ಸೋರಿದರೆ ಅದರ ಕೋರ್ ಕಾಂತದಿಂದ ತುಂಬಿ ಮಂಕಾಗುತ್ತದೆ. ಆಮೇಲೆ ನಿಜವಾದ ಶಾಕ್ ಹೊಡೆದರೂ ಅದು ಬೀಳದೆ ಇರಬಹುದು. 'ಟೆಸ್ಟ್' ಗುಂಡಿ ಒತ್ತಿದಾಗ ಬೀಳುತ್ತದಲ್ಲ ಎಂಬ ಸಮಾಧಾನ ಬೇಡ, ಆ ಗುಂಡಿ ಪರೀಕ್ಷಿಸುವುದು ಎಸಿ ಸೋರಿಕೆಯನ್ನು ಮಾತ್ರ. ಚಾರ್ಜರ್ ಒಳಗೇ 6 ಮಿಲಿಆಂಪ್ ಡಿಸಿ ಸೋರಿಕೆ ಹಿಡಿಯುವ ಸಾಧನವಿದ್ದರೆ ಹೊರಗೆ 30 ಮಿಲಿಆಂಪಿನ 'ಎ' ಟೈಪ್ ಸಾಕು. ಇಲ್ಲದಿದ್ದರೆ ದುಬಾರಿಯಾದರೂ 'ಬಿ' ಟೈಪೇ ಆಗಬೇಕು. ಪ್ರತಿ ಚಾರ್ಜರಿಗೂ ಅದರದ್ದೇ ಒಂದು. ಮನೆಯ ಆರ್‌ಸಿಸಿಬಿಯ ಕೆಳಗೆ ಚಾರ್ಜರ್ ತಗುಲಿಸಿದರೆ, ಕಾರಿನ ಫಿಲ್ಟರಿನ ಕೆಲವು ಮಿಲಿಆಂಪ್, ಹಳೆಯ ಗೀಸರ್ ಕಾಯಿಲಿನ ಕೆಲವು ಮಿಲಿಆಂಪ್ ಸೇರಿ ಮಧ್ಯರಾತ್ರಿ ಇಡೀ ಕಟ್ಟಡ ಕತ್ತಲಾಗುತ್ತದೆ. 30 ಎಂದು ಬರೆದದ್ದು 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, ಅದು ನಿಯಮದಲ್ಲೇ ಇದೆ. ಸಿಡಿಲಿನ ಪ್ರದೇಶವಾದರೆ ದಿಢೀರ್ ವೋಲ್ಟೇಜ್ ಏರಿಕೆಯಿಂದ ಕಾಯುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಕೂಡ ಸೇರಿಸಿ (ಈ ಟೈಪ್ 2ಕ್ಕೂ ಕಾರಿನ ಪ್ಲಗ್ಗಿಗೂ ಸಂಬಂಧವಿಲ್ಲ).

ಅರ್ಥಿಂಗ್ ಸರಿಯಿಲ್ಲದಿದ್ದರೆ ಫ್ರಿಜ್ಜು, ಗೀಸರು ಏನೂ ಹೇಳುವುದಿಲ್ಲ. ಕಾರು ಮಾತ್ರ ಪತ್ತೆ ಹಚ್ಚಿ ಚಾರ್ಜ್ ಆಗಲು ಒಪ್ಪುವುದಿಲ್ಲ. 'ಚಾರ್ಜರ್ ಕೆಟ್ಟಿದೆ' ಎಂಬ ದೂರುಗಳಲ್ಲಿ ಎಷ್ಟೋ ಇದೇ. ಸ್ವಂತ ಅರ್ಥ್ ರಾಡ್ ಇರುವ ಕಡೆ 30 ಮಿಲಿಆಂಪ್ ಆರ್‌ಸಿಸಿಬಿಗೆ ಲೆಕ್ಕದ ಪ್ರಕಾರ 1,600 ಓಮ್ ತನಕ ನಡೆಯುತ್ತದೆ, ಆದರೆ ಮಣ್ಣು ಒಣಗಿದಂತೆ ಓಮ್ ಏರುತ್ತದೆ. ಕಡುಬೇಸಿಗೆಯಲ್ಲಿ ಅಳೆದಾಗಲೂ 100ರೊಳಗೆ ಇರಲಿ. ಸರಬರಾಜಿನ ನ್ಯೂಟ್ರಲ್ಲನ್ನೇ ಅರ್ಥ್ ಆಗಿ ಬಳಸುವ ವ್ಯವಸ್ಥೆಯಲ್ಲಿ ಬೇರೆಯದೇ ಅಪಾಯವಿದೆ: ಬೀದಿಯಲ್ಲಿ ಆ ವೈರು ತುಂಡಾದರೆ ಕಾರಿನ ಮೈಗೆ ವಿದ್ಯುತ್ ಬರುತ್ತದೆ, ಬರಿಗಾಲಲ್ಲಿ ನೆಲದ ಮೇಲೆ ನಿಂತವರು ಅದನ್ನು ಮುಟ್ಟುತ್ತಾರೆ. ಅಂಥಲ್ಲಿ ಚಾರ್ಜರಿಗೆ ಬೇರೆ ರಾಡ್, ಅಥವಾ ಈ ದೋಷ ಹಿಡಿದು ಅರ್ಥ್ ವೈರನ್ನೂ ಕಡಿಯುವ ಮಾದರಿ ಬೇಕು.

ಜನರೇಟರ್ ಇರುವ ಕಡೆ ಇನ್ನೊಂದು ತೊಡಕು. ಸಣ್ಣ ಜನರೇಟರ್‌ಗಳ ಎರಡೂ ತುದಿ ಅರ್ಥ್‌ಗೆ ಸೇರದೆ ತೇಲುತ್ತಿರುತ್ತವೆ. ಕಾರಿಗೆ ಯಾವುದು ನ್ಯೂಟ್ರಲ್ ಎಂದೇ ಗೊತ್ತಾಗದೆ 'ಅರ್ಥ್ ಇಲ್ಲ' ಎನ್ನುತ್ತದೆ. ಜನರೇಟರ್ ಹತ್ತಿರ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿದರೆ ಸರಿಹೋಗುತ್ತದೆ, ಆದರೆ ಮೇನ್‌ನಿಂದ ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ನ್ಯೂಟ್ರಲ್ಲನ್ನೂ ಬದಲಿಸುವಂಥದ್ದಾಗಿರಬೇಕು. ಇಷ್ಟೆಲ್ಲ ಮಾಡಿ 5 ಕೆವಿಎ ಜನರೇಟರ್‌ನಿಂದ ಡೀಸೆಲ್ ಸುಟ್ಟು ಕಾರು ತುಂಬಿಸುವುದರಲ್ಲಿ ಅರ್ಥವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಚಾರ್ಜರಿನ ಲೈನನ್ನು ಚೇಂಜ್‌ಓವರ್‌ಗಿಂತ ಮೊದಲೇ, ಮೇನ್ ಕಡೆಯಿಂದ ತೆಗೆದುಕೊಂಡರೆ ಜನರೇಟರ್ ಓಡುವಾಗ ಕಾರು ಕಾಯುತ್ತದೆ, ಅಷ್ಟೇ.

ಅತಿಥಿ ತನ್ನದೇ ಪೋರ್ಟಬಲ್ ಚಾರ್ಜರ್ ತಂದು ಕೋಣೆಯ ಕಿಟಕಿಯಿಂದ ಎಕ್ಸ್‌ಟೆನ್ಶನ್ ಎಳೆಯುವುದನ್ನು ಬಿಡಲೇಬಾರದು. ಸುತ್ತಿಟ್ಟ ರೀಲು ಒಳಗೊಳಗೇ ಕರಗುತ್ತದೆ. ಮನೆಯ ಸಾಕೆಟ್‌ಗಳ ಪಿನ್ನು ಹಿಡಿಯುವ ಎಲೆ ಬಿಸಿಯಾಗಿ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನಷ್ಟು ಬಿಸಿ. ಅದಕ್ಕೆಂದೇ ಒಂದು ಪ್ರತ್ಯೇಕ ಲೈನಿನಲ್ಲಿ 16 ಆಂಪಿನ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ಕೊಡಿ; ಸಾಮಾನ್ಯ ಸಾಕೆಟ್ಟೇ ಅನಿವಾರ್ಯವಾದರೆ ಕಾರಿನಲ್ಲಿ 10 ಆಂಪಿಗೆ ಇಳಿಸಲು ಹೇಳಿ.

ಜಾಗದ ವಿಷಯ ಚಿಕ್ಕದು. ಚಾರ್ಜಿಂಗ್ ಬಾಯಿ ಒಂದು ಕಾರಿಗೆ ಮೂತಿಯಲ್ಲಿ, ಇನ್ನೊಂದಕ್ಕೆ ಹಿಂದಿನ ಎಡಕ್ಕೆ. ಆದ್ದರಿಂದ ಎರಡು ಪಾರ್ಕಿಂಗ್ ಜಾಗಗಳ ನಡುವೆ ಕಂಬ, 7 ಮೀಟರ್ ಕೇಬಲ್, ಮುಂದೆ ಚಕ್ರ ತಡೆಯುವ ದಿಣ್ಣೆ. ವೈರು ಪೆಟ್ಟಿಗೆಯ ತಳದಿಂದ ಗ್ಲ್ಯಾಂಡ್ (ವೈರನ್ನು ಬಿಗಿ ಹಿಡಿದು ನೀರು ತಡೆಯುವ ಬಿರಡೆ) ಮೂಲಕವೇ ಒಳಹೋಗಲಿ. ಮೇಲಿನಿಂದ ತೂತು ಕೊರೆದರೆ ಮೊದಲ ಮಳೆಗೇ ನೀರು ಇಳಿಯುತ್ತದೆ. ನೆಲ ಅಗೆಯುವಾಗ 600 ಮಿಲಿಮೀಟರ್ ಆಳ, ಮರಳು, ಎಚ್ಚರಿಕೆ ಪಟ್ಟಿ, ಜೊತೆಗೆ ಒಂದು ಖಾಲಿ ಪೈಪು, ಒಳಗೆ ಎಳೆಯಲು ಹಗ್ಗ. ನೆಟ್‌ವರ್ಕ್ ಕೇಬಲ್ಲಿಗೆ ಬೇರೆಯದೇ ಪೈಪು. ಪಾರ್ಕಿಂಗ್ ತನಕ ವೈಫೈ ಬರುತ್ತದೆ ಎಂದು ಫೋನ್ ಹಿಡಿದು ನೋಡಿದವರು, ನಡುವೆ ನಾಲ್ಕು ಕಾರು ನಿಂತಾಗ ಅದು ಬರುವುದಿಲ್ಲ ಎಂಬುದನ್ನು ಮರೆಯುತ್ತಾರೆ.

ಕಾರ್ಡ್ ತೋರಿಸಿದರೆ ಮಾತ್ರ ಚಾರ್ಜ್ ಆಗುವ ವ್ಯವಸ್ಥೆಯಲ್ಲಿ ರಾತ್ರಿ ಹತ್ತು ನಿಮಿಷ ಕರೆಂಟ್ ಹೋದರೆ ಏನಾಗುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ. ಕೆಲವು ಪೆಟ್ಟಿಗೆಗಳು ಮತ್ತೆ ಚಾಲೂ ಆದಾಗ ಕಾರ್ಡಿನ ಅನುಮತಿಯನ್ನು ಮರೆತು ಸುಮ್ಮನಿರುತ್ತವೆ, ಬೆಳಿಗ್ಗೆ ಅತಿಥಿಯ ಕಾರು ಅರ್ಧ ಖಾಲಿ. ಕರೆಂಟ್ ಬಂದೊಡನೆ ತಾನೇ ಮುಂದುವರಿಯುವ ಆಯ್ಕೆ, ಇಂಟರ್‌ನೆಟ್ ಇಲ್ಲದಾಗಲೂ ಕಾರ್ಡ್ ಗುರುತಿಸುವ ಪಟ್ಟಿ ಎರಡೂ ಬೇಕು. ಪೆಟ್ಟಿಗೆ ಬಿಲ್ಲಿಂಗ್ ಸರ್ವರ್ ಜೊತೆ ಮಾತಾಡುವ ಸಾರ್ವತ್ರಿಕ ಭಾಷೆಯಾದ ಒಸಿಪಿಪಿ 1.6 ಅಥವಾ 2.0.1 ಇದ್ದರೆ ನಾಳೆ ಬಿಲ್ಲಿಂಗ್ ಕಂಪನಿ ಬದಲಿಸಿದರೂ ಪೆಟ್ಟಿಗೆ ಬದಲಿಸಬೇಕಿಲ್ಲ. ಎರಡೇ ಪಾಯಿಂಟ್ ಇದ್ದರೆ ಇದಾವುದೂ ಬೇಡ. ಒಂದು ಸಬ್ ಮೀಟರ್, ಒಂದು ನೋಟ್‌ಬುಕ್ ಸಾಕು. ರಾತ್ರಿಯ ಅಗ್ಗದ ದರಕ್ಕಾಗಿ ಚಾರ್ಜರಿನಲ್ಲಿ ಸಮಯ ಹಾಕಿದ್ದರೆ, ಕಾರಿನಲ್ಲಿರುವ ಸಮಯವನ್ನು ತೆಗೆಯಲು ಅತಿಥಿಗೆ ಹೇಳಬೇಕು. ಎರಡೂ ಒಂದಕ್ಕೊಂದು ಕೂಡಿಬರದಿದ್ದರೆ ಚಾರ್ಜ್ ಶುರುವೇ ಆಗುವುದಿಲ್ಲ.

ಕೆಲಸ ಮುಗಿದ ದಿನ ಎಲೆಕ್ಟ್ರಿಷಿಯನ್ ಹತ್ತಿರ ಇನ್ಸುಲೇಷನ್, ಅರ್ಥ್ ಲೂಪ್, ಆರ್‌ಸಿಸಿಬಿ ಬೀಳುವ ಸಮಯ ಮೂರನ್ನೂ ಅಳೆಸಿ ಬರೆದಿಟ್ಟುಕೊಳ್ಳಿ. ಇನ್ಸುಲೇಷನ್ ಅಳೆಯುವ ಮೊದಲು ಚಾರ್ಜರ್ ಮತ್ತು ಸರ್ಜ್ ಪ್ರೊಟೆಕ್ಟರ್ ಬಿಚ್ಚಿಡಬೇಕು, 500 ವೋಲ್ಟಿಗೆ ಅವು ಸುಡಬಹುದು. ಆಮೇಲೆ ಖಾಲಿ ಬ್ಯಾಟರಿಯ ಕಾರೊಂದನ್ನು ಪೂರ್ತಿ ಆಂಪಿನಲ್ಲಿ ಒಂದು ಗಂಟೆ ಓಡಿಸಿ, ಥರ್ಮಲ್ ಕ್ಯಾಮೆರಾದಲ್ಲಿ ಪ್ರತಿ ಸ್ಕ್ರೂ ನೋಡಬೇಕು. ಬಹುತಂತು ವೈರಿನ ತುದಿಗೆ ಫೆರೂಲ್ (ತಂತುಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಟೊಪ್ಪಿ) ಹಾಕದೆ ಬಿಗಿದದ್ದು ಅಲ್ಲೇ ಕೆಂಪಗೆ ಕಾಣುತ್ತದೆ. ಎರಡು ತಿಂಗಳ ನಂತರ ಪವರ್ ಆಫ್ ಮಾಡಿಸಿ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಸಿ.

ಕಂಬದ ಮೇಲೊಂದು ಫಲಕ ಹಾಕುವುದಾದರೆ ಪ್ಲಗ್ ಬಿಡಿಸುವ ಬಗೆಯನ್ನು ಖಂಡಿತ ಬರೆಯಿಸಿ. ಟೈಪ್ 2 ಪ್ಲಗ್ಗನ್ನು ಬಿಗಿ ಹಿಡಿಯುವುದು ಕಾರು, ಪೆಟ್ಟಿಗೆಯಲ್ಲ. ಜಗ್ಗಿ ಎಳೆಯಬಾರದು, ಚಾರ್ಜ್ ನಿಲ್ಲಿಸಿ, ಕಾರನ್ನು ಲಾಕ್ ಮಾಡಿ ಮತ್ತೆ ಅನ್‌ಲಾಕ್ ಮಾಡಿದರೆ ಸಾಮಾನ್ಯವಾಗಿ ಬಿಡುತ್ತದೆ. ಆಗಲೂ ಬಿಡದಿದ್ದರೆ ಎಷ್ಟೋ ಕಾರುಗಳಲ್ಲಿ ಡಿಕ್ಕಿಯೊಳಗೋ ಬಾನೆಟ್ಟಿನ ಕೆಳಗೋ ಕೈಯಿಂದ ಎಳೆಯುವ ತುರ್ತು ದಾರವಿರುತ್ತದೆ.