ಊಟ ಆಯ್ತಾ ಅಂತ ಯಾವಾಗ ಕೇಳಬೇಕು

2023ರ ಮೇ ತಿಂಗಳು. ಮಲಾವಿಯ ಲಿಲೊಂಗ್ವೆಯಲ್ಲಿ ನಮ್ಮ ಆಫೀಸಿನ ಮೀಟಿಂಗ್ ರೂಮು. ಗೋಡೆಯ ಪರದೆಯಲ್ಲಿ ಎಚ್‌ಕ್ಯುನ, ಅಂದ್ರೆ ಕೇಂದ್ರ ಕಚೇರಿಯ, ಆರು ಮುಖ, ಈ ಕಡೆ ನಾವು ನಾಲ್ಕು ಜನ. ಮಲಾವಿಗೆ ನಾವು ಕೊಡೋ ನೆರವಿನ ಐದು ವರ್ಷದ ಯೋಜನೆ, ಅಂದ್ರೆ ಕಂಟ್ರಿ ಸ್ಟ್ರಾಟಜಿ, ಅದರ ಮಿಡ್‌ಟರ್ಮ್ ರಿವ್ಯೂ, ನಡುವಿನ ಪರಿಶೀಲನೆ. ಹದಿನೇಳನೇ ಸ್ಲೈಡ್ ನನ್ನದು. ಮೇಲೆ 'ಡಿಒ 2: ಬಡ ಮನೆಗಳಲ್ಲಿ ಹಸಿವು ಇಳಿಕೆ' ಅಂತ ಬರೆದಿತ್ತು. ಡಿಒ ಅಂದ್ರೆ ಸ್ಟ್ರಾಟಜಿಯ ದೊಡ್ಡ ಗುರಿ. ಅದರ ಕೆಳಗೆ ಒಂದು ಕೆಂಪು ಬಾಣ, ಮೇಲ್ಮುಖ.

ಅಂದ್ರೆ ಎರಡು ವರ್ಷ ದುಡ್ಡು ಸುರಿದ ಮೇಲೆ ಹಸಿವು ಜಾಸ್ತಿಯಾಗಿದೆ ಅಂತ.

ನಾನು ಕೆಲಸ ಮಾಡೋದು ಒಂದು ಶ್ರೀಮಂತ ದೇಶದ ಸರ್ಕಾರಿ ನೆರವು ಸಂಸ್ಥೆಯಲ್ಲಿ, ಎಂ ಅಂಡ್ ಇ ವಿಭಾಗ, ಅಂದ್ರೆ ಕೊಟ್ಟ ದುಡ್ಡಿನಿಂದ ಏನಾಯ್ತು ಅಂತ ಅಳೆಯೋ ಕೆಲಸ. ಯಾವ ದೇಶ ಅಂತ ಕೇಳಬೇಡಿ, ಸಂಬಳ ಇನ್ನೂ ಅಲ್ಲಿಂದಲೇ ಬರುತ್ತಿದೆ.

ಆ ಬಾಣವನ್ನು ನಾನು ಹಿಂದಿನ ವಾರವೇ ನೋಡಿದ್ದೆ. ಉತ್ತರವೂ ಸಿದ್ಧವಿತ್ತು. ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಯನ್ನು ಹಾಳು ಮಾಡಿ ಹೋಗಿತ್ತು. ಬ್ಲಾಂಟೈರ್‌ನ ಚಿಲೊಬ್ವೆಯಲ್ಲಿ ಗುಡ್ಡ ಜರಿದು ಮನೆಗಳು ಮಣ್ಣಿನಡಿ ಹೋಗಿದ್ದವು. ದೇಶದಲ್ಲಿ ನೂರಾರು ಜನ ಸತ್ತಿದ್ದರು. ಇದಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕು? "ಇದು ಫ್ರೆಡ್ಡಿಯ ಪರಿಣಾಮ" ಅಂದೆ. ದನಿ ಸ್ವಲ್ಪ ಗಂಭೀರ ಮಾಡಿಕೊಂಡೇ ಅಂದೆ. ಪರದೆಯಲ್ಲಿ ಐದು ತಲೆ ಆಡಿದವು.

ಆರನೆಯವಳು ಹೊಸ ಹುಡುಗಿ. ಅಲ್ಲಿಯವರೆಗೂ ಮ್ಯೂಟ್‌ನಲ್ಲಿದ್ದಳು. "ಸರ್ವೆ ಯಾವಾಗ ಮುಗೀತು?" ಅಂತ ಕೇಳಿದಳು.

"ಫೆಬ್ರವರಿ ಕೊನೆಗೆ."

ಬಾಯಿಂದ ಮಾತು ಬೀಳುತ್ತಿದ್ದ ಹಾಗೇ ಹೊಟ್ಟೆಯಲ್ಲಿ ಏನೋ ಜಾರಿತು. ಫ್ರೆಡ್ಡಿ ಮಲಾವಿಗೆ ಬಂದದ್ದು ಮಾರ್ಚ್ ಎರಡನೇ ವಾರ. ಇನ್ನೂ ಬಾರದ ಚಂಡಮಾರುತದಿಂದ ಜನ ಉಪವಾಸ ಬಿದ್ದರು ಅಂತ ನಾನು ಎಚ್‌ಕ್ಯುಗೆ ಹೇಳಿದ್ದೆ.

ಅಲ್ಲಿಗೆ ಸುಮ್ನಿರಬಹುದಿತ್ತು. ಇರಲಿಲ್ಲ. "ಮಳೆ ಮೊದಲಿನಿಂದಲೂ ಜೋರಾಗಿತ್ತು..." ಅಂತ ಶುರು ಮಾಡಿದೆ. ಅವಳು ಪಾಪ, ಮೆತ್ತಗೇ ಕೇಳಿದಳು: "ಕಸುಂಗುನಲ್ಲೂ ಏರಿದೆಯಲ್ಲ?" ಕಸುಂಗು ಇರೋದು ಮಧ್ಯ ಭಾಗದಲ್ಲಿ, ಫ್ರೆಡ್ಡಿ ಅಪ್ಪಳಿಸಿದ ಜಿಲ್ಲೆಗಳಿಂದ ಎಷ್ಟೋ ದೂರ. ನಮ್ಮ ಬಾಸ್ ನೀರಿನ ಬಾಟಲಿಯ ಮೇಲಿನ ಚೀಟಿಯನ್ನು ತುಂಬಾ ಆಸಕ್ತಿಯಿಂದ ಓದುತ್ತಿದ್ದರು. ನಾನು ಎಕ್ಸೆಲ್ ಫೈಲ್ ತೆರೆದು ಸುಮ್ನೆ ಮೇಲೆ ಕೆಳಗೆ ಸ್ಕ್ರೋಲ್ ಮಾಡುತ್ತಿದ್ದೆ. ಸ್ಕ್ರೀನ್ ಶೇರ್ ಆಗಿದೆ ಅನ್ನೋದೂ ಮರೆತಿತ್ತು.

ಆಗ ಪಕ್ಕದಲ್ಲಿ ಕೂತಿದ್ದ ಅಮಾಯಿ ಮೈಕ್ ತಮ್ಮ ಕಡೆ ಎಳೆದುಕೊಂಡರು. ಅಮಾಯಿ ಅಂದ್ರೆ ಅಲ್ಲಿನ ಚಿಚೇವಾ ಮಾತಿನಲ್ಲಿ ಅಮ್ಮ. ಹಿರಿಯ ಹೆಂಗಸರನ್ನು ಹಾಗೇ ಕರೀತಾರೆ, ನಮ್ಮಲ್ಲಿ ಕರೆದ ಹಾಗೆ. ನಾನು ಬರುವುದಕ್ಕೆ ಬಹಳ ವರ್ಷ ಮೊದಲಿನಿಂದ ಅದೇ ಆಫೀಸಿನಲ್ಲಿರೋರು. "ಬೇಸ್‌ಲೈನ್ ಮಾಡಿದ್ದು 2021ರ ಜೂನ್‌ನಲ್ಲಿ. ಮಿಡ್‌ಟರ್ಮ್ ಮಾಡಿದ್ದು ಫೆಬ್ರವರಿಯಲ್ಲಿ. ಜೂನ್‌ನಲ್ಲಿ ನ್ಖೋಕ್ವೆ ತುಂಬಿರುತ್ತದೆ" ಅಂದರು. ಅಷ್ಟೇ ಹೇಳಿ ಮೈಕ್ ವಾಪಸ್ ನನ್ನ ಮುಂದಿಟ್ಟರು.

ಬೇಸ್‌ಲೈನ್ ಅಂದ್ರೆ ಶುರುವಿನ ಸರ್ವೆ, ಮಿಡ್‌ಟರ್ಮ್ ಅಂದ್ರೆ ನಡುವಿನದ್ದು. ನ್ಖೋಕ್ವೆ ಅಂದ್ರೆ ಬಿದಿರು, ಕಡ್ಡಿಯಲ್ಲಿ ಹೆಣೆದ ಕಣಜ. ಮಲಾವಿಯಲ್ಲಿ ಮೆಕ್ಕೆಜೋಳದ ಕಟಾವು ಏಪ್ರಿಲ್, ಮೇ. ಜೂನ್‌ನಲ್ಲಿ ಯಾವ ಮನೆಗೆ ಹೋದರೂ ನ್ಸಿಮಾ ಇರುತ್ತದೆ. ಹೆಚ್ಚುಕಡಿಮೆ ನಮ್ಮ ಮುದ್ದೆಯೇ, ಆದರೆ ಬೆಳ್ಳಗೆ. ಡಿಸೆಂಬರ್ ದಾಟಿದರೆ ಕಣಜ ಬರಿದು. ಜನವರಿ, ಫೆಬ್ರವರಿಯಲ್ಲಿ ಪೈರು ಹೊಲದಲ್ಲಿ ಹಸಿರಾಗಿರುತ್ತದೆ, ಒಲೆ ತಣ್ಣಗಿರುತ್ತದೆ. ನಾವು ಬಳಸಿದ್ದು ಹೌಸ್‌ಹೋಲ್ಡ್ ಹಂಗರ್ ಸ್ಕೇಲ್, ಮನೆಯ ಹಸಿವು ಅಳೆಯೋ ಪ್ರಶ್ನಾವಳಿ. ಮೂರೇ ಪ್ರಶ್ನೆ, ಎಲ್ಲವೂ ಕಳೆದ ನಾಲ್ಕು ವಾರದ್ದು. ಮನೆಯಲ್ಲಿ ತಿನ್ನಲು ಏನೂ ಇಲ್ಲದ ದಿನ ಇತ್ತಾ, ಯಾರಾದರೂ ಹಸಿದು ಮಲಗಿದರಾ, ಹಗಲು ರಾತ್ರಿ ಪೂರ್ತಿ ಉಪವಾಸ ಇದ್ದರಾ. ಈ ಪ್ರಶ್ನೆಗಳನ್ನು ಒಂದು ಸಲ ಸುಗ್ಗಿಯಲ್ಲಿ, ಇನ್ನೊಂದು ಸಲ ಕಣಜ ಬರಿದಾದಾಗ ಕೇಳಿ, ಎರಡನ್ನೂ ಕಳೆದು 'ಬದಲಾವಣೆ' ಅಂತ ಬರೆದಿದ್ದೆ.

ಚಿತ್ರದುರ್ಗದ ಕಡೆಯವನು ನಾನು. ಆಷಾಢದಲ್ಲಿ ಹಗೇವು ಬರಿದಾಗಿ ನೆಂಟರು ಬರದಿದ್ದರೆ ಸಾಕು ಅನ್ನುತ್ತಿದ್ದ ಅಜ್ಜಿಯ ಮನೆಯಲ್ಲಿ ಬೆಳೆದವನು. ನನಗೆ ಇದು ಹೊಳೆಯಬೇಕಿತ್ತು.

ಹೊಳೆಯದ್ದಕ್ಕೆ ಕಾರಣ ಬೇರೇನಲ್ಲ, ಮಾರ್ಚ್ ಎಂಡ್. ನಮ್ಮ ದಾನಿ ದೇಶದ್ದೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕ. 2021ರ ಹೊಸ ಬಜೆಟ್ ಕೈಗೆ ಸಿಕ್ಕಿ, ಕಾಂಟ್ರಾಕ್ಟ್ ಸಹಿಯಾಗಿ, ಹುಡುಗರು ಹಳ್ಳಿಗೆ ಹೊರಡುವ ಹೊತ್ತಿಗೆ ಜೂನ್. ಮಿಡ್‌ಟರ್ಮ್ ಹೊತ್ತಿಗೆ ಫೈನಾನ್ಸ್‌ನವರು ಬರ್ನ್ ರೇಟ್, ಅಂದ್ರೆ ದುಡ್ಡು ಖರ್ಚಾಗೋ ವೇಗ, ಕಮ್ಮಿ ಇದೆ, ಮಾರ್ಚ್ 31ರ ಒಳಗೆ ಬಿಲ್ ಆಗಲಿ ಅಂತ ಬೆನ್ನು ಹತ್ತಿದರು. ಟಿಒಆರ್‌ನಲ್ಲಿ, ಅಂದ್ರೆ ಸರ್ವೆ ಹೇಗೆ, ಯಾವಾಗ ಅಂತ ಹೇಳೋ ಕಾಗದದಲ್ಲಿ, ಫೆಬ್ರವರಿ ಅಂತ ಟೈಪ್ ಮಾಡಿದ ಬೆರಳು ನನ್ನದೇ. ಊರಲ್ಲಿ ಮಾರ್ಚ್ ಕೊನೇ ವಾರ ರಾತ್ರೋರಾತ್ರಿ ಡಾಂಬರು ಹಾಕೋ ಕಂಟ್ರಾಕ್ಟರನ್ನು ಕಂಡು ನಗುತ್ತಿದ್ದವನು ನಾನು.

ಇನ್ನೊಂದು ಸಂಗತಿ ಈಗಲೂ ಚುಚ್ಚುತ್ತದೆ. ಮೀಟಿಂಗ್ ಮುಗಿದ ಮೇಲೆ ಹಳೇ ಮೇಲ್ ಹುಡುಕಿದೆ. 2022ರ ಅಕ್ಟೋಬರ್‌ನಲ್ಲೇ ಅಮಾಯಿ ಬರೆದಿದ್ದರು. ಸರ್ವೆಯನ್ನು ಕಟಾವಿನ ನಂತರಕ್ಕೆ ಹಾಕಿ, ಎಂವಿಎಸಿ (ಹಸಿವಿನ ಅಂದಾಜು ಹಾಕೋ ಮಲಾವಿ ಸರ್ಕಾರದ ಸಮಿತಿ) ಪ್ರತಿ ವರ್ಷ ಸಮೀಕ್ಷೆ ಮಾಡುವುದೂ ಆಗಲೇ, ಅವರ ವೇಳಾಪಟ್ಟಿಗೆ ಹೊಂದಿಸಿ ಅಂತ. ನಾಲ್ಕು ಸಾಲಿನ ಮೇಲ್. ಕೆಳಗೆ ನನ್ನ ಉತ್ತರ: 'ನೋಟೆಡ್ ವಿತ್ ಥ್ಯಾಂಕ್ಸ್.'

ಆ ಸ್ಟ್ರಾಟಜಿ ಬರೆಯುವಾಗ 'ರೆಸಿಲಿಯೆನ್ಸ್' (ಪೆಟ್ಟು ತಿಂದರೂ ಚೇತರಿಸಿಕೊಳ್ಳೋ ಶಕ್ತಿ) ಅನ್ನೋ ಪದ ಡಿಒನಲ್ಲಿರಬೇಕೋ, ಅದರ ಕೆಳಗಿನ ಸಣ್ಣ ಗುರಿಯಾದ ಐಆರ್‌ನಲ್ಲಿರಬೇಕೋ ಅಂತ ಮೂರು ವಾರ ಕಿತ್ತಾಡಿದ್ದೆವು. ಯಾವ ಕೆಲಸದಿಂದ ಯಾವ ಬದಲಾವಣೆ ಅಂತ ತೋರಿಸೋ ಥಿಯರಿ ಆಫ್ ಚೇಂಜ್ ಚಿತ್ರದ ಬಾಣಗಳ ಬಣ್ಣಕ್ಕೂ ಒಂದು ಕಾಲ್ ನಡೆದಿತ್ತು. ಮೊದಲ ಪುಟದಲ್ಲಿ ನೆರವು ಹೇಗಿರಬೇಕು ಅಂತ ದೇಶಗಳು ಒಪ್ಪಿದ 2005ರ ಪ್ಯಾರಿಸ್ ಘೋಷಣೆಯನ್ನು ನೆನೆದು, ಆಯಾ ದೇಶದ ವ್ಯವಸ್ಥೆಯ ಜೊತೆಗೇ ನಡೆಯುತ್ತೇವೆ ಅಂತಲೂ ಬರೆದಿದ್ದೆವು. ಸರ್ವೆ ಯಾವ ತಿಂಗಳು ಅನ್ನೋದು ಮಾತ್ರ ಅನುಬಂಧದ ಒಂದು ಸಾಲು. ಅದನ್ನು ಯಾರೂ ಓದಲಿಲ್ಲ. ಬರೆದ ನಾನೂ ತಿರುಗಿ ನೋಡಲಿಲ್ಲ.

ತಮಾಷೆ ಅಲ್ಲ ಇದು. ಆ ಕೆಂಪು ಬಾಣ ನೋಡಿ ಡಿಒ 2ರ ದುಡ್ಡನ್ನು ಬೇರೆ ಕಡೆ ತಿರುಗಿಸುವ ಪ್ರಸ್ತಾಪ ಎಚ್‌ಕ್ಯುನಲ್ಲಿ ಆಗಲೇ ತಯಾರಾಗಿತ್ತು. ಹುಡುಗಿ ಪ್ರಶ್ನೆ ಕೇಳದಿದ್ದರೆ ನನ್ನ ಫ್ರೆಡ್ಡಿ ಕತೆ ನಡೆದುಬಿಡುತ್ತಿತ್ತು. ಕೇಳಿದ್ದರಿಂದ ತೀರ್ಮಾನ ಮುಂದಕ್ಕೆ ಹೋಯಿತು. ಜೂನ್‌ನಲ್ಲಿ, ಫ್ರೆಡ್ಡಿ ಅಪ್ಪಳಿಸಿದ ಕಡೆಯಿಂದ ದೂರದ ಮಧ್ಯ ಭಾಗದ ಜಿಲ್ಲೆಗಳಲ್ಲಷ್ಟೇ ಸಣ್ಣದಾಗಿ ಇನ್ನೊಂದು ಸರ್ವೆ ಮಾಡಿಸಿದೆವು. ಟಿಒಆರ್ ಅಮಾಯಿ ಬರೆದರು, ನಾನು ಫಾರ್ಮ್ಯಾಟ್ ಸರಿ ಮಾಡಿದೆ. ಫಲಿತಾಂಶ? ಹಸಿವು ಏರಿಲ್ಲ, ಇಳಿದೂ ಇಲ್ಲ. ಬಾಣ ಅಡ್ಡಡ್ಡ ಮಲಗಿತ್ತು. ಅಂಥ ಬಾಣಕ್ಕೆ ಟೆಂಪ್ಲೇಟಿನಲ್ಲಿ ಹಳದಿ ಬಣ್ಣ. ಬಾಸ್‌ಗೆ ಅದೂ ಇಷ್ಟವಾಗಲಿಲ್ಲ.

ಈಗ ಎಂಡ್‌ಲೈನ್, ಅಂದ್ರೆ ಕೊನೆಯ ಸರ್ವೆಯ, ಜಗಳ. ಬೇಸ್‌ಲೈನ್ ಜೂನ್‌ನದ್ದು, ಹಾಗಾಗಿ ಎಂಡ್‌ಲೈನ್ ಕೂಡ ಜೂನ್‌ನಲ್ಲೇ ಆಗಬೇಕು ಅಂತ ಅಮಾಯಿ, ನಾನು ಇಬ್ಬರೂ ಪಟ್ಟು ಹಿಡಿದಿದ್ದೇವೆ. ಸ್ಟ್ರಾಟಜಿ ಮುಗಿಯೋದು ಮಾರ್ಚ್ 31ಕ್ಕೆ. ಅದಾದ ಮೇಲೆ ಅದರ ಹೆಡ್ಡಿನಲ್ಲಿ ಒಂದು ಪೈಸೆಯೂ ಖರ್ಚು ಹಾಕುವ ಹಾಗಿಲ್ಲ ಅಂತ ಫೈನಾನ್ಸ್. ಹೋದ ವಾರ ಅಲ್ಲಿಂದ ಬಂದ ಮೇಲ್‌ನಲ್ಲಿ ಒಂದೇ ಸಾಲಿತ್ತು: ಕಟಾವನ್ನು ಸ್ವಲ್ಪ ಮುಂಚೆ ಮಾಡಿಸಲು ಆಗುತ್ತದಾ?