ಬಾಯಿ ಕೊನೆಗೆ

ಮರದಲ್ಲಿ ಮನುಷ್ಯರ ಒಳಗಿನ ತಳಮಳ ಕೆತ್ತುವ ಶಿಲ್ಪಿಯೊಬ್ಬರ ಜೊತೆ ಇಡೀ ದಿನ ಕೂರುವ ಅವಕಾಶ ಸಿಕ್ಕಿತ್ತು. ಅವರದ್ದು ಒಂದೇ ಷರತ್ತು: ಉಳಿ ಆಡುವಾಗ ಮಾತಾಡಿಸಬಾರದು. ಉಳಿ ಮಸೆಯುವಾಗ ಏನು ಬೇಕಾದರೂ ಕೇಳಬಹುದು. ಪುಣ್ಯಕ್ಕೆ ಅವರು ಪದೇ ಪದೇ ಮಸೆಯುತ್ತಿದ್ದರು. ಮೊಂಡು ಉಳಿ ಮರವನ್ನು ಕತ್ತರಿಸುವುದಿಲ್ಲ, ಎಳೆಗಳನ್ನು ಜಜ್ಜಿಬಿಡುತ್ತದೆ.

ಮೇಜಿನ ಮೇಲೆ ಹೆಂಗಸೊಬ್ಬಳ ಎದೆಮಟ್ಟದ ಆಕೃತಿ ಇತ್ತು. ಕುತ್ತಿಗೆ ತುಸು ಎಡಕ್ಕೆ ವಾಲಿತ್ತು. ಒಂದು ಭುಜ ಮೇಲೆದ್ದಿತ್ತು. ಕಣ್ಣಿನ ಜಾಗ ಗುರುತಾಗಿತ್ತು. ಬಾಯಿ ಇರಬೇಕಾದ ಕಡೆ ಮಾತ್ರ ಒರಟು ಮರ. ಆದರೂ ಅವಳು ಏನನ್ನೋ ನುಂಗಿಕೊಂಡಿದ್ದಾಳೆ ಅಂತ ನೋಡಿದ ಕೂಡಲೇ ಅನ್ನಿಸಿತು.

"ಬಾಯಿ ಯಾವಾಗ?" ಅಂತ ಕೇಳಿದೆ.

"ಕೊನೆಗೆ. ಬಾಯಿ ಬಂತು ಅಂದ್ರೆ ಜನ ಅದನ್ನೇ ನೋಡ್ತಾರೆ. ತುಟಿ ಮೇಲಕ್ಕಿದ್ರೆ ಖುಷಿ, ಕೆಳಗಿದ್ರೆ ದುಃಖ, ಮುಗೀತು. ಆಮೇಲೆ ಭುಜ ಯಾರು ನೋಡ್ತಾರೆ?"

ಆಗ ನನಗೆ ಜಪಾನಿನ ಕತ್ಸುರ ಫುನಕೋಶಿ ನೆನಪಾದರು. 1951ರಲ್ಲಿ ಹುಟ್ಟಿದ ಇವರು 2024ರಲ್ಲಿ ತೀರಿಕೊಂಡರು. ಕರ್ಪೂರದ ಮರದಲ್ಲಿ ಆಕೃತಿ ಕೆತ್ತಿ, ಬಣ್ಣ ಹಚ್ಚಿ, ಕಣ್ಣಿಗೆ ಅಮೃತಶಿಲೆ ಕೂರಿಸುತ್ತಿದ್ದರು. ಆ ಎರಡು ಕಣ್ಣುಗಳ ನೋಟ ತುಸು ಹೊರಕ್ಕೆ ತಿರುಗಿರುತ್ತದೆ. ಎದುರಿಗೆ ನಿಂತವರ ಕಣ್ಣಿಗೆ ಅದು ಸಿಗುವುದೇ ಇಲ್ಲ. ಅಳು ಇಲ್ಲ, ನಗು ಇಲ್ಲ. ಆದರೂ ಆ ಜನ ಒಳಗೊಳಗೇ ಎಲ್ಲೋ ಇದ್ದಾರೆ ಅಂತ ಗೊತ್ತಾಗುತ್ತದೆ. ಇಟಲಿಯ ಗೆಹಾರ್ಡ್ ಡೆಮೆಟ್ಸ್ ಅವರದ್ದು ಬೇರೆ ದಾರಿ. ಅವರು ಸಣ್ಣ ಸಣ್ಣ ತುಂಡುಗಳನ್ನು ಜೋಡಿಸಿ ಮಕ್ಕಳನ್ನು ಕೆತ್ತುತ್ತಾರೆ, ನಡುನಡುವೆ ಸಂದು ಬಿಡುತ್ತಾರೆ. ಮೈ ಮಗುವಿನದು, ಮುಖದ ಭಾರ ದೊಡ್ಡವರದು. ನನಗೆ ಫುನಕೋಶಿಯೇ ಜಾಸ್ತಿ ಇಷ್ಟ. ಡೆಮೆಟ್ಸ್ ಅವರ ಸಂದುಗಳು ಕೆಲವೊಮ್ಮೆ 'ಇಲ್ಲಿ ನೋಡಿ, ಇಲ್ಲಿ ಖಾಲಿ ಇದೆ' ಅಂತ ಬೆರಳು ತೋರಿಸಿದ ಹಾಗಿರುತ್ತವೆ.

ಮಧ್ಯಾಹ್ನದ ಹೊತ್ತಿಗೆ ಕೆನ್ನೆಯ ಕೆಳಗೆ ಕೂದಲೆಳೆಯಂಥ ಬಿರುಕು ಕಂಡಿತು. ನನಗೋ ಒಳಗೊಳಗೇ ಖುಷಿ. ಬರೆಯಲು ಇದಕ್ಕಿಂತ ಚೆನ್ನಾದದ್ದು ಏನು ಬೇಕು ಅಲ್ವಾ? ಅವರು ನನ್ನ ಮುಖ ನೋಡಿಯೇ ಹೇಳಿದರು: "ಬಿರುಕು ಅಂದ್ರೆ ನೋವು ಅಂತೆಲ್ಲ ಬರೀಬೇಡಿ. ಮರ ಸರಿಯಾಗಿ ಒಣಗಿಲ್ಲ, ಅಷ್ಟೇ."

ಆಮೇಲೆ ಉಳಿ ಮಸೆಯುತ್ತಾ ವಿವರಿಸಿದರು. ಒಣಗುವಾಗ ಮರ ಎಲ್ಲ ದಿಕ್ಕಿಗೂ ಒಂದೇ ಥರ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ, ವರ್ಷದ ಉಂಗುರಗಳ ಸುತ್ತ ಹೆಚ್ಚುಕಡಿಮೆ ಎರಡು ಪಟ್ಟು ಕುಗ್ಗುತ್ತದೆ. ದಿಮ್ಮಿ ಇಡಿಯಾಗಿದ್ದರೆ ಈ ಎಳೆದಾಟಕ್ಕೆ ಎಲ್ಲೋ ಒಂದು ಕಡೆ ಸೀಳಲೇಬೇಕು. ಗಾಳಿಯಲ್ಲಿ ಒಣಗಿಸಿದರೆ ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಬಡಗಿಗಳ ಅಂದಾಜು ಲೆಕ್ಕ. ಅಷ್ಟು ಕಾಯುವವರು ಕಮ್ಮಿ. ಅದಕ್ಕೇ ಯುರೋಪಿನಲ್ಲೂ ಜಪಾನಿನಲ್ಲೂ ಹಳೆಯ ಶಿಲ್ಪಿಗಳು ಮರದ ಮೂರ್ತಿಗಳನ್ನು ಒಳಗಿನಿಂದ ಟೊಳ್ಳು ಮಾಡುತ್ತಿದ್ದರು. ತೂಕ ಇಳಿಯುತ್ತದೆ, ಬಿರುಕೂ ಕಮ್ಮಿಯಾಗುತ್ತದೆ.

ಅವರೂ ಆಕೃತಿಯನ್ನು ಬೋರಲು ಹಾಕಿ, ಬೆನ್ನಿನ ಕಡೆಯಿಂದ ಬಾಗಿದ ಉಳಿಯಲ್ಲಿ ತೋಡತೊಡಗಿದರು. ಚಕ್ಕೆಗಳು ರಾಶಿ ಬಿದ್ದವು. ದಿನದ ದೊಡ್ಡ ಪಾಲು ಇದಕ್ಕೇ ಹೋಯಿತು. ಒಳಗಿನ ಭಾವ ಅಂತ ನಾವು ಹೊಗಳುವ ಶಿಲ್ಪದ ಒಳಗೆ ಹೊರಡುವ ಮುಂಚೆ ಇಣುಕಿ ನೋಡಿದೆ. ಉಳಿ ಗೀರುಗಳು, ಪೆನ್ಸಿಲ್ ಗುರುತು, ಅಷ್ಟೇ. ಕೆನ್ನೆಯ ಬಿರುಕಿಗೆ ಅದೇ ಮರದ ತೆಳು ಸೀಳು ತೂರಿಸಿ ಅಂಟು ಹಾಕಿದರು.

ಸಂಜೆ ಅವರ ಗೆಳೆಯರೊಬ್ಬರು ಬಂದರು. ಆಕೃತಿಯನ್ನು ಸುಮ್ನೆ ಸುತ್ತಿ ನೋಡಿ, "ಸಿಟ್ಟು ಬಂದಿದೆ ಇವಳಿಗೆ" ಅಂದರು. ಸಿಟ್ಟಲ್ಲ, ಯಾರಿಗೋ ಕಾದು ಸಾಕಾಗಿದೆ ಅಂದೆ ನಾನು. ಅವರು ಮೇಲೆದ್ದ ಭುಜ ತೋರಿಸಿದರು. ನಾನು ವಾಲಿದ ಕುತ್ತಿಗೆ ತೋರಿಸಿದೆ. ಇಬ್ಬರೂ ಬಿಡಲಿಲ್ಲ. ಯಾರು ಸರಿ ಅಂತ ಕೊನೆಗೆ ಶಿಲ್ಪಿಯನ್ನೇ ಕೇಳಿದೆವು.

"ಇಬ್ರೂ ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕಿಗೆ ಅಡ್ಡ ನಿಂತಿದ್ದೀರಿ" ಅಂದರು.